ಕೆಂಪಿಗೆ ನಿಂತ ಗೆರೆ

ಮೊನ್ನೆ ಬಹರೈನಿನ ಜುಫೈರ್‌ನಲ್ಲಿ ನಾನಿರುವ ಕಟ್ಟಡದ ಮೆಟ್ಟಿಲ ಕಂಬಿಗಳಿಗೆ ಬಣ್ಣ ಹೊಡೆಯುತ್ತಿದ್ದರು. ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು ಲಿಫ್ಟಿನಿಂದ ಹೊರಗೆ ಕಾಲಿಟ್ಟದ್ದೇ ತಡ, ಎನಾಮಲ್ ಬಣ್ಣ ಮತ್ತು ಟರ್ಪೆಂಟೈನ್ ಕಲೆತ ವಾಸನೆ ಮುಖಕ್ಕೆ ರಾಚಿತು. ಗೋಡೆಯ ಬುಡದಲ್ಲಿ ಡಬ್ಬಿಗಳನ್ನು ಸಾಲಾಗಿ ಇಟ್ಟಿದ್ದರು. ನಾನು ಏನು ಮಾಡುತ್ತಿದ್ದೇನೆಂದು ನನಗೇ ತಿಳಿಯುವ ಮೊದಲೇ ಕುಕ್ಕರಗಾಲಿನಲ್ಲಿ ಕುಳಿತು, ಒಂದು ಡಬ್ಬಿಯ ಮುಚ್ಚಳದ ಮೇಲೆ ಹೆಬ್ಬೆರಳು ಆಡಿಸಿದ್ದೆ. ಬಣ್ಣ ಹೊಡೆಯುವ ಬಂಗಾಳಿ ಹುಡುಗ ಗಾಬರಿಯಾಗಿ, "ಕ್ಯಾ ಹುವಾ ದೀದಿ, ಕುಛ್ ಗಿರ್ ಗಯಾ?" ಎಂದು ಕೇಳಿದ. ಏನು ಬಿದ್ದುಹೋಯಿತೆಂದು ಅವನಿಗೆ ಹೇಳುವುದು? ಏನೂ ಇಲ್ಲಪ್ಪ ಎಂದು ಎದ್ದೆ. ಮುಚ್ಚಳದ ಮೇಲೂ ಏನೂ ಇರಲಿಲ್ಲ, ನುಣ್ಣಗಿತ್ತು. ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡು, ಯೂನಿಫಾರ್ಮು ಕೂಡ ಬಿಚ್ಚದೆ, ಅಡುಗೆಮನೆಯ ನೆಲದಲ್ಲಿ ಕುಳಿತು ಅತ್ತೆ. ನಾನು ಅಳುಮುಂಜಿಯಲ್ಲ. ವಾರ್ಡಿನಲ್ಲಿ ನನ್ನ ಹಿಂದಿನಿಂದ ನನ್ನನ್ನು ಕಲ್ಲು ಎನ್ನುತ್ತಾರೆಂದು ನನಗೆ ಗೊತ್ತು. ಆದರೆ ಮೂಗಿಗೆ ಬುದ್ಧಿ ಹೇಳಲಾಗುವುದಿಲ್ಲವಲ್ಲ.

ನಮ್ಮ ಮನೆ ಇದ್ದದ್ದು ಮಾಹೂಝ್‌ನಲ್ಲಿ, ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ. ಈಗ ಆ ಕಟ್ಟಡವಿಲ್ಲ. ಆ ಜಾಗದಲ್ಲಿ ಗಾಜಿನ ಮುಖದ ಹೊಸದೊಂದು ನಿಂತಿದೆ, ಅದರ ಕೆಳಗೆ ಜಿಮ್ ಇದೆ. ನಮ್ಮ ಮನೆಗೆ ಒಂದು ವಾಸನೆಯಿತ್ತು. ಮಮ್ಮ ಕುದಿಸುವ ಮೀನುಸಾರಿನ ಹುಳಿ, ಪಪ್ಪನ ಟರ್ಪೆಂಟೈನ್, ಎಸಿಯ ಒದ್ದೆ ಧೂಳು, ಇವು ಮೂರೂ ಸೇರಿದ ವಾಸನೆ. ಶಾಲೆಯಲ್ಲಿ ನನ್ನ ಪಕ್ಕ ಕೂರುವವಳು, ನಿನ್ನ ಪುಸ್ತಕ ಯಾಕೆ ಪೆಟ್ರೋಲ್ ಪಂಪಿನ ಹಾಗೆ ನಾರುತ್ತದೆ ಎಂದು ಕೇಳುತ್ತಿದ್ದಳು. ನನಗೆ ನಾಚಿಕೆಯಾಗುತ್ತಿರಲಿಲ್ಲ. ನಿಮಗೂ ಅಂಥದೊಂದು ಮನೆಯ ವಾಸನೆ ಇದ್ದಿರಬಹುದು. ಇದ್ದಾಗ ಮೂಗಿಗೆ ತಿಳಿಯದೆ, ಇಲ್ಲವಾದ ಮೇಲೆ ಯಾವುದೋ ಬೀದಿಯಲ್ಲಿ ಅಡ್ಡಗಟ್ಟಿ ನಿಲ್ಲಿಸುವಂಥದು. ಬಾಲ್ಕನಿಯ ಪಕ್ಕದ ಸಣ್ಣ ಕೋಣೆ ಪಪ್ಪನ ಕೆಲಸದ ಕೋಣೆ. ಅಂಗಡಿ ಅದ್ಲಿಯಾದಲ್ಲಿತ್ತು, ಆದರೆ ಅಲ್ಲಿ ಮರ ಕೊಯ್ಯುವ ಹುಡಿ ಹಸಿ ಬಣ್ಣಕ್ಕೆ ಅಂಟುತ್ತದೆಂದು ಪಪ್ಪ ಮನೆಯಲ್ಲೇ ಚಿತ್ರ ಬಿಡಿಸುತ್ತಿದ್ದರು. ಅಂಗಡಿಯ ಧಣಿ ಅಬು ಖಲೀಲ್, ಇದೇ ನಾಡಿನವರು, ಎಲ್ಲರ ಬಾಯಲ್ಲೂ ಅರ್ಬಾಬ್. ನಮ್ಮ ವೀಸಾ ಅವರ ಹೆಸರಿನಲ್ಲಿತ್ತು. ಪಪ್ಪನಿಗೆ ಕೆಲಸ ಇರುವವರೆಗೆ ನಾವು ಈ ದ್ವೀಪದಲ್ಲಿ. ಕೆಲಸ ಹೋದ ದಿನ ಮೂವರೂ ಗಂಟುಮೂಟೆ ಕಟ್ಟಬೇಕು. ಇಷ್ಟಂತೂ ಅರಬ್ಬೀ ದೇಶದಲ್ಲಿ ಬೆಳೆಯುವ ಪ್ರತಿ ಮಗುವಿಗೂ ಅಕ್ಷರ ಕಲಿಯುವ ಮೊದಲೇ ಗೊತ್ತಿರುತ್ತದೆ.

ಪಪ್ಪ ಬಿಡಿಸುತ್ತಿದ್ದದ್ದು ಲಾಂಛನಗಳನ್ನು. ಗುರಾಣಿಯ ಆಕಾರದ ಮರದ ಹಲಗೆಯ ಮೇಲೆ ಸಿಂಹ, ಗಿಡುಗ, ಲಂಗರು, ಕಿರೀಟ, ಕೆಳಗೊಂದು ಪಟ್ಟಿಯಲ್ಲಿ ಲ್ಯಾಟಿನ್ ಮಾತು. ಮಂಗಳೂರಿನವನೊಬ್ಬ ಇಂಥ ವಿದ್ಯೆಗೆ ಹೇಗೆ ಬಿದ್ದ ಎಂದು ಕೇಳುವಿರಿ. ಹುಡುಗನಾಗಿದ್ದಾಗ ಅವರು ಸಂತರ ಪ್ರತಿಮೆಗಳಿಗೆ ಬಣ್ಣ ಕೊಡುವ ಕಾರ್ಖಾನೆಯಲ್ಲಿದ್ದರಂತೆ. ಹೊಸ ಬಿಷಪರು ಬಂದಾಗಲೆಲ್ಲ ಅವರದೇ ಒಂದು ಲಾಂಛನ ಬರೆಸಬೇಕು, ಅದು ನಮ್ಮಲ್ಲಿ ಪದ್ಧತಿ. ಅಲ್ಲಿದ್ದ ಒಬ್ಬ ಮುದಿ ಪಾದ್ರಿ ಪಪ್ಪನ ಕೈ ನೋಡಿ ಆ ವಿದ್ಯೆಯ ಕಟ್ಟಳೆಗಳನ್ನು ಕಲಿಸಿದರು. ಚಿನ್ನದ ಮೇಲೆ ಬೆಳ್ಳಿ ಕೂರಬಾರದು. ಗುರಾಣಿಯ ಬಲಗಡೆಯೆಂದರೆ ನೋಡುವವನ ಬಲಗಡೆಯಲ್ಲ, ಹಿಡಿದವನ ಬಲಗಡೆ. ಮತ್ತು ಬಣ್ಣವಿಲ್ಲದೆ ಬಣ್ಣ ಹೇಳುವ ಒಂದು ಉಪಾಯ: ಹಿಂದೆ ಪುಸ್ತಕಗಳನ್ನು ಕಪ್ಪು ಶಾಯಿಯಲ್ಲಷ್ಟೇ ಅಚ್ಚು ಹಾಕುತ್ತಿದ್ದಾಗ, ಯಾವ ಭಾಗಕ್ಕೆ ಯಾವ ಬಣ್ಣ ಎಂದು ಗೆರೆಗಳಲ್ಲಿ ತೋರಿಸುತ್ತಿದ್ದರಂತೆ. ಕೆಂಪಿಗೆ ನಿಂತ ಗೆರೆ. ನೀಲಿಗೆ ಮಲಗಿದ ಗೆರೆ. ಹಸಿರಿಗೆ ಓರೆ ಗೆರೆ. ಕಪ್ಪಿಗೆ ನಿಂತದ್ದೂ ಮಲಗಿದ್ದೂ ಸೇರಿದ ಬಲೆ. ಚಿನ್ನಕ್ಕೆ ಚುಕ್ಕಿ, ಬೆಳ್ಳಿಗೆ ಬರೀ ಬೋಳು. ನಾನು ಮಗ್ಗಿಗಿಂತ ಮೊದಲು ಕಲಿತದ್ದು ಇದನ್ನು. ಮಮ್ಮ ಕೂಡ ಕಲಿತಿದ್ದಳು, ಹೇಳಿಸಿಕೊಂಡಲ್ಲ, ಅನ್ನ ಬಸಿಯುತ್ತಾ ಕಿವಿಗೆ ಬಿದ್ದದ್ದರಿಂದ.

ಜುಫೈರ್‌ಗೆ ಬಂದುಹೋಗುವ ಪರದೇಶದ ಹಡಗುಗಳ ನಾವಿಕರು ಊರಿಗೆ ಮರಳುವಾಗ ತಮ್ಮ ಹಡಗಿನ ಲಾಂಛನದ ಶೀಲ್ಡ್ ಒಂದನ್ನು ಒಯ್ಯುತ್ತಿದ್ದರು. ಪಪ್ಪನಿಗೆ ಹೆಚ್ಚಿನ ಕೆಲಸ ಅದೇ. ಉಳಿದಂತೆ ಶಾಲೆಗಳ ಶೀಲ್ಡು, ಕ್ಲಬ್ಬುಗಳ ಫಲಕ, ಅದ್ಲಿಯಾದ ಹೋಟೆಲುಗಳ ಬಾಗಿಲಿಗೆ ರಾಜಗಾಂಭೀರ್ಯದ ಸಿಂಹ. ಪಪ್ಪನ ಸಿಂಹಗಳು ಸ್ವಲ್ಪ ಬೇರೆ ಥರ. ಹಿಂಗಾಲಲ್ಲಿ ನಿಂತು, ಸೊಂಟ ತಿರುಗಿಸಿ, ಒಂದು ಕೈ ಮೇಲೆತ್ತಿರುತ್ತಿದ್ದವು. "ನಿಮ್ಮ ಸಿಂಹ ಎಲ್ಲಿ ನೋಡಿದ್ರೂ ಮಾರ್ನೆಮಿಯ ಪಿಲಿವೇಷವೇ ಮಾರಾಯ್ರೆ, ತಾಸೆ ಬಡಿದ್ರೆ ಕುಣಿದೀತು" ಎಂದು, ನಮ್ಮೂರ ನವರಾತ್ರಿಯ ಹುಲಿಕುಣಿತ ನೆನೆದು, ಮಮ್ಮ ನಗುತ್ತಿದ್ದಳು. ಬಿಳಿಯ ಅಧಿಕಾರಿಗಳಿಗೆ ಅದು ಬಹಳ ಹಿಡಿಸುತ್ತಿತ್ತು, ಯಾಕೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಒಮ್ಮೆ ಪಪ್ಪ ನಮ್ಮ ಮನೆಗೂ ಒಂದು ಲಾಂಛನ ಮಾಡಿದರು, ನೀಲಿಯ ಮೇಲೆ ಚಿನ್ನದ ಬಂಗುಡೆ ಮೀನು. ಮಮ್ಮ ಸೊಂಟಕ್ಕೆ ಕೈಕೊಟ್ಟು ಅದನ್ನೇ ನೋಡಿ, "ಬಂಗುಡೆ ಚಿನ್ನದ್ದಾದ್ರೆ ನಾವು ತಿನ್ನೋದು ಎಂತದು?" ಎಂದಳು. ಅದು ಬಾಗಿಲ ಮೇಲೆ ತೂಗುತ್ತಿತ್ತು. ನಾವು ಮನೆಯಲ್ಲಿ ಮಾತಾಡುತ್ತಿದ್ದದ್ದು ಕೊಂಕಣಿ. ಎದುರು ಮನೆಯ ಝೊಹರಾಂಟಿ ಉಳ್ಳಾಲದ ಬ್ಯಾರಿ, ಅವರೊಂದಿಗೆ ಕನ್ನಡ. ಆ ಬಂಗುಡೆ ನೋಡಿ ಝೊಹರಾಂಟಿ, ಲೆತೀಸಿಯಾ, ನಮ್ಮ ಮನೆಗೊಂದು ಬೂತಾಯಿ ಬರೆಸಿ ಕೊಡು ಎಂದು ಎಷ್ಟು ಕಾಲ ಕಾಡಿದರು! ಲೆತೀಸಿಯಾ ಎಂಬುದು ಮಮ್ಮನ ಹೆಸರು. ಈಗ ಆ ಹೆಸರು ಕರೆಯುವವರು ಯಾರೂ ಉಳಿದಿಲ್ಲ.

ಕೇಡು ಶುರುವಾದ ದಿನ ನಾನು ಅಲ್ಲೇ ನೆಲದಲ್ಲಿ ಹೋಂವರ್ಕ್ ಮಾಡುತ್ತಿದ್ದೆ. ಪಪ್ಪ ಹಡಗಿನ ಶೀಲ್ಡ್ ಒಂದಕ್ಕೆ ಅಂಚು ತುಂಬುತ್ತಿದ್ದರು. ಚಹಾ ತಂದ ಮಮ್ಮ ಲೋಟ ಕೊಡದೆ ನಿಂತಳು.

"ಇದು ಕೆಂಪಲ್ವಾ ಇರಬೇಕಾದ್ದು?"

"ಕೆಂಪೇ ಅಲ್ವಾ?"

"ಎಂತ ಕೆಂಪು? ಇದು ಕಂದು ಮಾರಾಯ್ರೆ."

ಪಪ್ಪ ಕುಂಚ ಕೆಳಗಿಟ್ಟರು. "ಲೆತ್ತಿ, ನಿನ್ನ ಸಾಡೊ ತಗೊಂಡು ಬಾ" ಎಂದರು. ಸಾಡೊ ಎಂದರೆ ನಮ್ಮವರ ಮದುವೆಯ ಸೀರೆ, ಕೆಂಪು ರೇಷ್ಮೆಗೆ ಜರಿಯ ಹೂ. ಮಮ್ಮ ಕಪಾಟಿನಿಂದ ತೆಗೆದು ತಂದಳು, ನುಸಿಗುಳಿಗೆಯ ವಾಸನೆ ಹಬ್ಬಿತು. ಪಪ್ಪ ಅದನ್ನು ಬಾಲ್ಕನಿಯ ಬಿಸಿಲಿಗೆ ಒಯ್ದು, ಹತ್ತಿರ ಹಿಡಿದು, ದೂರ ಹಿಡಿದು, ಮಡಿಕೆ ತಿರುಗಿಸಿ ತಿರುಗಿಸಿ ನೋಡಿದರು. "ಇದು ಕೆಂಪಾ?" ಎಂದು ಕೇಳಿದರು. ಮಮ್ಮ, ಮತ್ತೆಂತ, ಎಂದಳು, ಆದರೆ ಅವಳ ಸ್ವರ ಆಗಲೇ ಇಳಿದುಹೋಗಿತ್ತು. "ನನಗೆ ಕೆಸರು ಕಾಣ್ತದೆ ಲೆತ್ತಿ" ಎಂದರು ಪಪ್ಪ. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಸೀರೆಗೆ ಕಣ್ಣೀರು ಬೀಳಬಾರದೆಂದು ಮಮ್ಮ ಅದನ್ನು ಅವರ ಕೈಯಿಂದ ತೆಗೆದುಕೊಂಡಳು, ಆಮೇಲೆ ಅದರ ಸೆರಗಿನಿಂದಲೇ ಅವರ ಮುಖ ಒರೆಸಿದಳು.

ಈಗ ನರ್ಸಾಗಿ ನನಗೆ ಆ ಕಾಯಿಲೆಯ ಹೆಸರೂ ಗೊತ್ತು, ಅದು ಹೋಗುವ ದಾರಿಯೂ ಗೊತ್ತು. ಆಗ ಗೊತ್ತಿದ್ದದ್ದು ಡಾಕ್ಟರರು ಮಮ್ಮನಿಗೆ ಹೇಳಿದ್ದಷ್ಟೇ: ಕಣ್ಣಿನ ಹಿಂದಿನ ಪರದೆ ಸಾಯುತ್ತಿದೆ, ಮದ್ದಿಲ್ಲ, ಮೊದಲು ಬಣ್ಣ ಹೋಗುತ್ತದೆ, ಆಕಾರ ನಿಧಾನವಾಗಿ ಹೋಗುತ್ತದೆ. ಮನೆಗೆ ಬಂದ ಮಮ್ಮ ಬಟ್ಟೆ ಕೂಡ ಬದಲಿಸಲಿಲ್ಲ. ಒಂದು ಮೊಳೆ ತೆಗೆದುಕೊಂಡು ಕೆಲಸದ ಕೋಣೆಯಲ್ಲಿ ಕುಳಿತು ಕೆಂಪು ಡಬ್ಬಿಯ ಮುಚ್ಚಳದ ಮೇಲೆ ನಿಂತ ಗೆರೆಗಳನ್ನು ಕೆರೆಯತೊಡಗಿದಳು. ತಗಡು ಕಿರುಗುಟ್ಟುವ ಆ ಸದ್ದಿಗೆ ನನ್ನ ಹಲ್ಲು ಜುಮ್ಮೆಂದಿತು. ಆಮೇಲೆ ನೀಲಿಗೆ ಮಲಗಿದ ಗೆರೆ, ಹಸಿರಿಗೆ ಓರೆ, ಕಪ್ಪಿಗೆ ಬಲೆ. ಡಬ್ಬಿಯ ಮೈಮೇಲಿನ ಚೀಟಿ ಸುರಿದ ಬಣ್ಣದಡಿ ಮುಚ್ಚಿಹೋಗಿರುತ್ತಿತ್ತು, ಅಲ್ಲಿ ಕೆರೆದರೆ ಗೆರೆಯನ್ನೂ ಬಣ್ಣ ತುಂಬಿಬಿಡುತ್ತದೆ, ಆದ್ದರಿಂದ ಮುಚ್ಚಳ. ಪಪ್ಪನ ಹೆಬ್ಬೆರಳು ಹಿಡಿದು ಒಂದೊಂದರ ಮೇಲೂ ಆಡಿಸಿ, "ಹೇಳಿ ನೋಡುವ" ಎಂದಳು. ಪಪ್ಪ ಮಗುವಿನ ಹಾಗೆ ಹೇಳಿದರು: ಕೆಂಪು, ಕಪ್ಪು, ಹಸಿರು. ಒಂದೂ ತಪ್ಪಲಿಲ್ಲ. "ಅಷ್ಟೇ ಅಲ್ವಾ ಮತ್ತೆ? ಯಾರಿಗೂ ಎಂತದೂ ಗೊತ್ತಾಗೋದು ಬೇಡ" ಎಂದು ಮಮ್ಮ ಎದ್ದು ಅಕ್ಕಿ ತೊಳೆಯಲು ಹೋದಳು.

ಹಾಗೆ ನಾವು ಬದುಕಿದೆವು. ಹೊರಗಿನವರಿಗೆ ಅದು ನಗುನಗುವ ಮನೆ, ಒಳಗೆ ನಮಗೆ ಮೂವರಿಗೂ ಎದೆಯಲ್ಲಿ ಸದಾ ಒಂದು ಕಲ್ಲು. ಅರ್ಬಾಬ್ ಬಂದರೆ ಮಮ್ಮ ಖಾವಾ ಕಾಫಿಯ ಲೋಟಗಳ ಜೊತೆ ಅಲ್ಲೇ ಠಳಾಯಿಸುತ್ತಿದ್ದಳು. ಈ ನೀಲಿ ಸ್ವಲ್ಪ ಗಾಢವಾಯಿತೋ ಏನೋ ಉಸ್ತಾದ್ ಎಂದು ಅವರು ಕೇಳಿದರೆ, ಪಪ್ಪ ಬಾಯಿ ತೆರೆಯುವ ಮೊದಲೇ ಇವಳು ತನ್ನ ಹರಕು ಹಿಂದಿಯಲ್ಲಿ, "ನಹೀ ಅರ್ಬಾಬ್, ಸೂಖ್‌ನೇ ಸೇ ಠೀಕ್ ಹೋತಾ" ಎನ್ನುತ್ತಿದ್ದಳು, ಒಣಗಿದರೆ ಸರಿಯಾಗುತ್ತದೆ ಎಂದು. ಚರ್ಚಿನ ಅಂಗಳದಲ್ಲಿ ಯಾರಾದರೂ ಹೊಸ ಕಾರು ತೋರಿಸಿ ಬಣ್ಣ ಹೇಗಿದೆ ಎಂದು ಕೇಳಿದರೆ ನಾನು ಪಪ್ಪನ ಕೈ ಅದುಮಿ ಮಾತು ಬೇರೆಡೆ ತಿರುಗಿಸುತ್ತಿದ್ದೆ. ಹತ್ತು ವರ್ಷದ ಹುಡುಗಿಗೆ ಎಂಥ ಕಳ್ಳ ಬುದ್ಧಿ! ಝೊಹರಾಂಟಿಗೂ ಹೇಳಲಿಲ್ಲ. ದಿನಕ್ಕೆ ಎಷ್ಟು ಸಲ ಆ ಬಾಗಿಲಿನಿಂದ ಈ ಬಾಗಿಲಿಗೆ ಪಾತ್ರೆಗಳು ಓಡಾಡುತ್ತಿದ್ದವು, ಆದರೂ ಹೇಳಲಿಲ್ಲ. ಹೇಳಿದ್ದರೆ ಆಂಟಿ ಸತ್ತರೂ ಬಾಯಿ ಬಿಡುತ್ತಿರಲಿಲ್ಲ, ನನಗೆ ಗೊತ್ತು. ಆದರೆ ಭಯ ಹೊಕ್ಕ ಮನೆಯಲ್ಲಿ ನಂಬಿಕೆಗೆ ಜಾಗ ಸಾಲುವುದಿಲ್ಲ. ಮನೆಸಾಮಾನು ತರಲು ಹೋದಾಗ ಪಪ್ಪ ಹಸಿರು ಟೊಮೆಟೊ ಆರಿಸಿ ತಂದರೆ ಮಮ್ಮ ತಮಾಷೆ ಮಾಡುತ್ತಿದ್ದಳು, ಅವರು ಸ್ನಾನಕ್ಕೆ ಹೋದ ಮೇಲೆ ಆ ಟೊಮೆಟೊಗಳನ್ನು ನೋಡುತ್ತಾ ನಿಂತುಬಿಡುತ್ತಿದ್ದಳು.

ಮಮ್ಮ ಸತ್ತದ್ದು ಒಂದು ಶುಕ್ರವಾರ, ಇಸ್ತ್ರಿ ಹಾಕುತ್ತಾ. ತಲೆನೋವು ಎಂದು ಕುರ್ಚಿಯಲ್ಲಿ ಕುಳಿತವಳು ಏಳಲಿಲ್ಲ. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು. ಝೊಹರಾಂಟಿ ಬಂದು ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿದ್ದು, ಸುಟ್ಟ ಬಟ್ಟೆಯ ಕಮಟು, ಆಂಬುಲೆನ್ಸಿನವರ ಬೂಟು, ಇಷ್ಟೇ ನನಗೆ ನೆನಪಿರುವುದು. ಹೆಣವನ್ನು ಊರಿಗೆ ಒಯ್ಯೋಣ ಎಂದು ಚರ್ಚಿನವರು ಏರ್ಪಾಡಿಗೆ ಹೊರಟರು. ಪಪ್ಪ ಬೇಡವೆಂದರು. ಮಮ್ಮ ಬದುಕಿದ್ದಾಗ ಯಾರದೋ ಸಾವಿನ ಸುದ್ದಿ ಬಂದರೆ, "ನಾನು ಸತ್ರೆ ಪೆಟ್ಟಿಗೆಗೆ ಹಾಕಿ ಕಾರ್ಗೋ ಮಾಡ್ಬೇಡಿ ಮಾರಾಯ್ರೆ, ನಾನೇನು ಬಂಗುಡೆಯಾ" ಎನ್ನುತ್ತಿದ್ದಳು. ಪಪ್ಪ ಅದನ್ನೇ ಹಿಡಿದುಕೊಂಡರು. ನನ್ನನ್ನು ತಬ್ಬಿಕೊಂಡು, "ಅವಳು ಇಲ್ಲೇ ಇದ್ರೆ ನಾವೂ ಇಲ್ಲೇ ಅಲ್ವಾ ಜೆಸ್ಸಿ, ಎಲ್ಲಿಗೂ ಹೋಗುವುದಿಲ್ಲ" ಎಂದರು. ಮದುವೆಯ ಸಾಡೊ ಉಡಿಸಿದ್ದರು, ಅದು ನಮ್ಮವರ ಕ್ರಮ. ಪೆಟ್ಟಿಗೆ ಮುಚ್ಚುವ ಮೊದಲು ಪಪ್ಪ ಬಗ್ಗಿ ಸೀರೆಯನ್ನು ಮುಟ್ಟಿದರು, ಜರಿಯ ಹೂಗಳನ್ನು ಬೆರಳಿನಿಂದ ಹುಡುಕಿದರು. ಆಮೇಲೆ ನನ್ನ ಕಿವಿಯಲ್ಲಿ, ಬೇರೆ ಯಾರಿಗೂ ಕೇಳದ ಹಾಗೆ ಕೇಳಿದರು.

"ಕೆಂಪು ಉಂಟಾ?"

"ಉಂಟು ಪಪ್ಪ."

ಸಲ್ಮಾಬಾದ್‌ನ ಸ್ಮಶಾನದಲ್ಲಿ ಅವಳನ್ನು ಮರಳಿಗೆ ಇಳಿಸಿದೆವು. ಗುಂಡಿಯ ಬದಿ ಜಾರಿ ಜಾರಿ ಒಳಗೆ ಸುರಿಯುತ್ತಿತ್ತು, ಎತ್ತಿದಷ್ಟೂ ಸುರಿಯುತ್ತಿತ್ತು. ನನಗೆ ಆ ಮರಳಿನ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಅರ್ಬಾಬ್ ಒಂದು ದೊಡ್ಡ ಕೆಲಸ ತಂದರು. ಊರಿಗೆ ಮರಳುವ ಹಡಗೊಂದರವರು ಬೀಳ್ಕೊಡುಗೆಯ ಔತಣದಲ್ಲಿ ಗೋಡೆಗೆ ಹಾಕಲು ಆಳೆತ್ತರದ ಲಾಂಛನ ಬೇಕೆಂದಿದ್ದರು; ಕೆಂಪು ನೆಲ, ಚಿನ್ನದ ಸಿಂಹ, ಕೆಳಗೆ ನೀಲಿ ಅಲೆಗಳು. ಅಂಗಡಿಯಲ್ಲಿ ಆಗಲೇ ಮೆಷಿನ್ ಬಂದಿತ್ತು, ಬೇಕಾದ ಚಿತ್ರವನ್ನು ಚಿಟಿಕೆ ಹೊಡೆಯುವುದರೊಳಗೆ ಪ್ರಿಂಟ್ ತೆಗೆಯುವಂಥದು. "ಯೇ ಆಪ್‌ಕೇ ಹಾಥ್ ಕಾ ಚಾಹಿಯೇ" ಎಂದರು ಅರ್ಬಾಬ್. ಇದು ನಿಮ್ಮ ಕೈಯಿಂದಲೇ ಆಗಬೇಕು ಎಂದು. ಕೈಕೆಲಸಕ್ಕೆ ಇನ್ನೂ ಬೆಲೆ ಇದೆಯೆಂದು ತೋರಿಸಲು ಪಪ್ಪನಿಗೆ ಸಿಕ್ಕ ಕೊನೆಯ ಅವಕಾಶ ಅದು, ಅವರಿಬ್ಬರಿಗೂ ಗೊತ್ತಿತ್ತು. ಪಪ್ಪ ಒಪ್ಪಿಕೊಂಡರು. ಮಮ್ಮನ ಗೆರೆಗಳು ಇದ್ದವಲ್ಲ. ನಾನು ಎಷ್ಟೋ ಸಲ ಬಾಗಿಲ ಸಂದಿಯಿಂದ ನೋಡಿದ್ದೇನೆ: ಪಪ್ಪ ಮುಚ್ಚಳ ಹಿಡಿದು ಹೆಬ್ಬೆರಳು ಆಡಿಸುವಾಗ, ಬಣ್ಣ ತಿಳಿದ ಮೇಲೂ ಬೆರಳು ಅಲ್ಲೇ ಇನ್ನಷ್ಟು ಹೊತ್ತು ಇರುತ್ತಿತ್ತು.

ಅಷ್ಟರಲ್ಲಿ ಮಮ್ಮನ ತಿಂಗಳ ಪೂಜೆ ಬಂತು. ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಜನ ಮನೆಗೆ ಬಂದು ಜಪಸರ ಮಾಡಿ ಊಟ ಮಾಡಿ ಹೋಗುವುದು ನಮ್ಮಲ್ಲಿ ವಾಡಿಕೆ. ಝೊಹರಾಂಟಿ ನಮ್ಮ ಮನೆ ನೋಡಿ ಎದೆ ಬಡಿದುಕೊಂಡರು. "ಅಲ್ಲಾ, ಲೆತೀಸಿಯಾ ಇದ್ದಿದ್ರೆ ಹೀಗೆ ಇಡ್ತಿದ್ಳಾ? ಬಂದವರು ಎಂತ ಹೇಳ್ತಾರೆ? ನೀವು ಇಗರ್ಜಿಗೆ ಹೋಗಿ ಬನ್ನಿ, ನಾನು ನೋಡ್ಕೊಳ್ತೇನೆ" ಎಂದು ಸೆರಗು ಸಿಕ್ಕಿಸಿದರು. ನಾವು ಬರುವಷ್ಟರಲ್ಲಿ ನೆಲ ಮುಖ ಕಾಣುವಂತೆ ಹೊಳೆಯುತ್ತಿತ್ತು. ಪರದೆ ಒಗೆದು ಹಾಕಿದ್ದರು, ಗ್ಯಾಸಿನ ಒಲೆ ಉಜ್ಜಿದ್ದರು, ಬಾಗಿಲ ಮೇಲಿನ ಬಂಗುಡೆಯನ್ನೂ ಒರೆಸಿದ್ದರು. ಕೆಲಸದ ಕೋಣೆಯನ್ನೂ ಬಿಟ್ಟಿರಲಿಲ್ಲ. ಮರುದಿನವೇ ನನಗೆ ಸೀತಾಳೆ ಎದ್ದಿತು. ಮೈತುಂಬ ಗುಳ್ಳೆ, ಬೆಂಕಿಯಂಥ ಜ್ವರ. ಬಣ್ಣದ ಘಾಟು ಒಳ್ಳೆಯದಲ್ಲವೆಂದು ಝೊಹರಾಂಟಿ ನನ್ನನ್ನು ತಮ್ಮ ಮನೆಯಲ್ಲೇ ಮಲಗಿಸಿಕೊಂಡರು, ಬೇವಿನೆಲೆ ಸಿಗದೆ ಯಾರ್ಯಾರಿಗೋ ಫೋನ್ ಮಾಡಿ ತರಿಸಿದರು. ಆ ದಿನಗಳಲ್ಲಿ ಪಪ್ಪ ಒಬ್ಬರೇ ಕುಳಿತು ಆ ದೊಡ್ಡ ಶೀಲ್ಡ್ ಮುಗಿಸಿದರು. ಊಟ ಕೊಟ್ಟು ಬಂದ ಆಂಟಿ ನನ್ನ ಹಾಸಿಗೆಯ ಅಂಚಿನಲ್ಲಿ ಕುಳಿತು, "ನಿನ್ನ ಪಪ್ಪ ಎಂಥ ಸಿಂಹ ಮಾಡಿದ್ದಾರೆ ಗೊತ್ತುಂಟಾ, ಈಗ ಎದ್ದು ಬರ್ತದೋ ಅಂತ! ಆ ಹಸಿರು ಎಷ್ಟು ಚಂದ ಉಂಟು" ಎಂದರು. ಜ್ವರದ ತಲೆಯಲ್ಲಿ ಆ ಮಾತು ಹೊಕ್ಕು ಹಾಗೇ ಹೊರಟುಹೋಯಿತು.

ಅರ್ಬಾಬ್ ಶೀಲ್ಡ್ ಒಯ್ಯಲು ಬಂದ ಮಧ್ಯಾಹ್ನ ನನಗೆ ಗುಳ್ಳೆ ಒಣಗಿತ್ತು. ಆಂಟಿಯ ಹಿಂದೆ ನಾನೂ ಬಂದು ಬಾಗಿಲಲ್ಲಿ ನಿಂತೆ. ಪಪ್ಪ ಬಿಳಿ ಅಂಗಿ ಹಾಕಿ ತಲೆ ಬಾಚಿಕೊಂಡಿದ್ದರು, ಎಷ್ಟೋ ದಿನದ ಮೇಲೆ ಮುಖದಲ್ಲಿ ಒಂದು ಕಳೆಯಿತ್ತು. ತಾವೇ ಹೊದಿಕೆ ತೆಗೆದರು. ಚಿನ್ನದ ಸಿಂಹ ಹಸಿರು ನೆಲದ ಮೇಲೆ ಕುಣಿಯುತ್ತಿತ್ತು. ಅದರ ಕೆಳಗೆ ಕಪ್ಪು ಸಮುದ್ರ. ಒಂದು ಗೆರೆ ಅತ್ತಿತ್ತ ಹೋಗಿರಲಿಲ್ಲ, ಕೇಸರದ ಒಂದೊಂದು ಕೂದಲೂ ಉಸಿರಾಡುತ್ತಿತ್ತು. ಪಪ್ಪ ಅಷ್ಟು ಚೆಂದದ ಸಿಂಹವನ್ನು ಅದಕ್ಕೆ ಮುಂಚೆ ಬಿಡಿಸಿರಲಿಲ್ಲ.

ಅರ್ಬಾಬ್ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಶೀಲ್ಡನ್ನೂ ಪಪ್ಪನ ಮುಖವನ್ನೂ ನೋಡಿ, ಮೇಜಿನ ಮೇಲಿದ್ದ ಡಬ್ಬಿಯೊಂದರ ಮುಚ್ಚಳ ಎಬ್ಬಿಸಿ, ತೆರೆದ ಡಬ್ಬಿಯನ್ನು ಪಪ್ಪನ ಮುಂದಿಟ್ಟರು. ಒಳಗೆ ಕೆಂಪು, ಹಸಿಹಸಿ ರಕ್ತದಂಥ ಕೆಂಪು. "ಉಸ್ತಾದ್, ಯೇ ಕೌನ್ಸಾ ರಂಗ್ ಹೈ?" ಎಂದು ಮೆಲ್ಲಗೆ ಕೇಳಿದರು. ಪಪ್ಪ ಡಬ್ಬಿಯೊಳಗೆ ನೋಡಲಿಲ್ಲ. ಅವರ ಕೈ ಮೇಜಿನ ಮೇಲೆ ತಡವುತ್ತಾ ಮುಚ್ಚಳದ ಹತ್ತಿರ ಹೋಯಿತು. ನನಗೆ ಕಿರುಚಬೇಕೆನಿಸಿತು. ಹೆಬ್ಬೆರಳು ಮುಚ್ಚಳದ ಮೇಲೆ ಒಮ್ಮೆ ಆಡಿತು, ಓರೆ ಗೆರೆಗಳು.

"ಹರಾ" ಎಂದರು ಪಪ್ಪ. ಹಸಿರು.

ಅರ್ಬಾಬ್ ಆ ಹೆಬ್ಬೆರಳನ್ನೇ ನೋಡುತ್ತಿದ್ದರು. ಆಮೇಲೆ ಆ ಮುಚ್ಚಳವನ್ನು ಎತ್ತಿ ತಾವೂ ಬೆರಳಾಡಿಸಿದರು. "ಕಬ್ ಸೇ?" ಎಂದು ಕೇಳಿದರು, ಯಾವಾಗಿನಿಂದ ಎಂದು. ಮತ್ತೆ ಅವರೇ, ನನಗೆ ಯಾಕೆ ಹೇಳಲಿಲ್ಲ ಎಂದರು, "ಮುಝೇ ಬೋಲಾ ಕ್ಯೂಂ ನಹೀ?" ಆಗ ಪಪ್ಪ ತಲೆ ಎತ್ತಿ, "ಬೋಲ್ತಾ ತೋ?" ಎಂದರು. ಹೇಳಿದ್ದರೆ ಏನು ಮಾಡುತ್ತಿದ್ದಿರಿ? ಅರ್ಬಾಬ್ ಮುಚ್ಚಳವನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಲಿಲ್ಲ.

ಝೊಹರಾಂಟಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದದ್ದೇ ಅವರು ಗೋಡೆಗೆ ಒರಗಿ ಕುಸಿದರು. "ನಾನೇ... ನಾನೇ ತೊಳೆದದ್ದು. ಮುಚ್ಚಳ ಎಲ್ಲ ಅಂಟು ಅಂಟು ಇತ್ತು, ಸೀಮೆಎಣ್ಣೆಯಲ್ಲಿ ಹಾಕಿ ಉಜ್ಜಿ ಇಟ್ಟೆ. ಎಲ್ಲ ಒಂದೇ ಅಳತೆಯಲ್ವಾ, ಯಾವುದಕ್ಕೆ ಯಾವುದಾದ್ರೆ ಎಂತ ಅಂತ... ಯಾ ಅಲ್ಲಾ, ನನ್ನ ಕೈ ಕಡಿದುಹೋಗಲಿಲ್ಲವಲ್ಲ!" ಎಂದು ಹಣೆ ಹಣೆ ಚಚ್ಚಿಕೊಂಡರು. ಪಪ್ಪ ಅವರ ಕಡೆ ತಿರುಗಿ, "ಇಲ್ಲ ಅಕ್ಕ, ನಿಮಗೆ ನಾವು ಹೇಳ್ಲಿಲ್ಲ. ನೀವು ಅಳಬೇಡಿ" ಎಂದರು. ಆಮೇಲೆ ಮಂಡಿಯೂರಿ ನೆಲದಲ್ಲಿ ಕುಳಿತರು. ಎಲ್ಲ ಡಬ್ಬಿಗಳನ್ನೂ ಎಳೆದುಕೊಂಡು, ಎಲ್ಲ ಮುಚ್ಚಳಗಳನ್ನೂ ಬಿಚ್ಚಿ ಮುಂದೆ ಹರಡಿಕೊಂಡರು. "ಜೆಸ್ಸಿ, ಬಾ ಮಗ. ಇದು ಯಾವುದು?" ಎಂದು ಒಂದು ಡಬ್ಬಿ ಎತ್ತಿ ಹಿಡಿದರು. ನೀಲಿ ಪಪ್ಪ ಎಂದೆ. ಅವರು ಮುಚ್ಚಳಗಳಲ್ಲಿ ತಡಕಾಡಿ ಮಲಗಿದ ಗೆರೆಯನ್ನು ಹುಡುಕಿ ಅದಕ್ಕೆ ಒತ್ತಿದರು. "ಇದು?" ಹಸಿರು. "ಇದು?" ಅರ್ಬಾಬ್ ನಿಂತೇ ಇದ್ದರು, ಆಂಟಿ ಅಳುತ್ತಲೇ ಇದ್ದರು, ನಾವಿಬ್ಬರೂ ಮಮ್ಮನ ಗೆರೆಗಳನ್ನು ಅವುಗಳ ಜಾಗಕ್ಕೆ ಸೇರಿಸುತ್ತಾ ಹೋದೆವು. ಎಲ್ಲವೂ ಸರಿಯಾಗಿ ಕೂತಿತು. ಇನ್ನು ಅದರಿಂದ ಯಾರಿಗೂ ಏನೂ ಆಗಬೇಕಾಗಿರಲಿಲ್ಲ.

ಬೀಳ್ಕೊಡುಗೆಗೆ ಮೆಷಿನ್ನಿನಲ್ಲಿ ಪ್ರಿಂಟ್ ತೆಗೆದ ಲಾಂಛನ ಹೋಯಿತು. ಪಪ್ಪ ಅಂಗಡಿಗೆ ಹೋಗಿ ಬೇಡಿದರು, ನನ್ನನ್ನೂ ಕರೆದುಕೊಂಡು ಹೋದರು. ಶಾಲೆ ಬಿಟ್ಟ ಮೇಲೆ ಇವಳು ಬಣ್ಣ ಹೇಳುತ್ತಾಳೆ, ನನ್ನ ಕೈಗೆ ಏನೂ ಆಗಿಲ್ಲ ಅರ್ಬಾಬ್, ಕೈ ನೋಡಿ ಎಂದು ಎರಡೂ ಕೈ ಚಾಚಿದರು. ಒಬ್ಬ ಗಂಡಸು, ಅದೂ ನನ್ನ ಪಪ್ಪ, ಹಾಗೆ ಕೈ ಚಾಚಿ ನಿಂತದ್ದನ್ನು ನಾನು ನೋಡಬಾರದಿತ್ತು. ಅವಳು ಮಗು, ಅವಳಿಗೆ ಅವಳ ಬದುಕಿದೆ ಎಂದರು ಅರ್ಬಾಬ್. ನನ್ನ ಪರೀಕ್ಷೆ ಮುಗಿಯುವವರೆಗೆ ವೀಸಾ ಇಟ್ಟುಕೊಂಡರು, ಟಿಕೆಟ್ ತೆಗೆಸಿಕೊಟ್ಟರು, ಆ ಹಸಿರು ಸಿಂಹವನ್ನು ತಮ್ಮ ಮನೆಗೆ ಒಯ್ದರು. ಪಪ್ಪನಿಗೆ ದೇಶ ಬಿಡುವುದು ದುಃಖವಾಗಿರಲಿಲ್ಲ. "ಅವಳನ್ನು ಊರಿಗೆ ಕೊಂಡುಹೋಗಬಹುದಿತ್ತು. ಇಲ್ಲೇ ಇರ್ತೇವೆ ಅಂತ ಇಲ್ಲಿ ಹಾಕಿದೆ ಜೆಸ್ಸಿ, ಇಲ್ಲೇ ಇರ್ತೇವೆ ಅಂತ" ಎಂದು ಹೇಳಿದ್ದನ್ನೇ ಹೇಳುತ್ತಿದ್ದರು. ಗೋಡೆಗೆ ಹೇಳುತ್ತಿದ್ದರು, ಪ್ಯಾಕ್ ಮಾಡಿದ ಪೆಟ್ಟಿಗೆಗೆ ಹೇಳುತ್ತಿದ್ದರು.

ಹೊರಡುವ ಹಿಂದಿನ ದಿನ ಸ್ಮಶಾನಕ್ಕೆ ಹೋದೆವು. ಗೋರಿಯ ಮೇಲೆ ಆವತ್ತೇ ಬೆಳಿಗ್ಗೆ ಸಿಮೆಂಟ್ ಹಲಗೆ ಎರೆದಿದ್ದರು, ಇನ್ನೂ ಒದ್ದೆ ಒದ್ದೆಯಾಗಿತ್ತು. ಪಪ್ಪ ಕಿಸೆಯಿಂದ ಮಮ್ಮನ ಮೊಳೆ ತೆಗೆದರು. ಕುಳಿತು, ಎಡಗೈಯಿಂದ ಹಲಗೆಯ ಅಂಚನ್ನು ಅಳೆದು, ಮೇಲಿನಿಂದ ಕೆಳಕ್ಕೆ ಗೆರೆ ಎಳೆಯತೊಡಗಿದರು. ಒಂದರ ಪಕ್ಕ ಒಂದು, ಎಲ್ಲ ನಿಂತ ಗೆರೆ, ಸಮ ಅಂತರ. ಕಾವಲುಗಾರ ಓಡಿ ಬಂದು ಏನು ಮಾಡುತ್ತಿದ್ದೀರಿ ಎಂದು ಗದರಿದ. "ನಾಮ್ ಲಿಖ್ ರಹಾ ಹೂಂ" ಎಂದರು ಪಪ್ಪ. ಹೆಸರು ಬರೆಯುತ್ತಿದ್ದೇನೆ. ಅವನು ಆ ಗೆರೆಗಳನ್ನು ನೋಡಿ, ಪಪ್ಪನ ಕಣ್ಣುಗಳನ್ನು ನೋಡಿ, ಬಂದ ದಾರಿಯಲ್ಲೇ ಮರಳಿದ.

ಮಂಗಳೂರಿನಲ್ಲಿ ಅತ್ತೆಯ ಮನೆಯಲ್ಲಿ ಪಪ್ಪನಿಗೆ ಆಕಾರಗಳೂ ಒಂದೊಂದಾಗಿ ಹೋದವು. ನಾನು ನರ್ಸಿಂಗ್ ಓದಿದೆ. ಎಲ್ಲರೂ ಕೆನಡಾ, ಐರ್ಲೆಂಡ್ ಎಂದು ಹೊರಟರೆ ನಾನು ಬಹರೈನ್ ಎಂದೆ. ಇವಳ ತಲೆ ಕೆಟ್ಟಿದೆಯಾ ಎಂದು ಗೆಳತಿಯರಿಗೆ ಎನಿಸಿತು. ಬಂದ ಮೊದಲ ರಜೆಗೇ ಸಲ್ಮಾಬಾದ್‌ಗೆ ಹೋದೆ. ಅಲ್ಲಿಂದಲೇ ಫೋನ್ ಮಾಡಿದೆ. ಪಪ್ಪ ನಮಸ್ಕಾರ ಹೇಳಲಿಲ್ಲ, ಊಟ ಆಯಿತಾ ಕೇಳಲಿಲ್ಲ. "ಬೆರಳು ಇಟ್ಟು ನೋಡು" ಎಂದರು. ಇಟ್ಟೆ. "ಕೆಂಪು ಉಂಟಾ?" ಎಂದರು. ಉಂಟು ಪಪ್ಪ ಎಂದೆ. ಆಮೇಲೆ ಪ್ರತಿ ಸಲವೂ ಹಾಗೆ. ಉಪ್ಪುಗಾಳಿ, ಮರಳು, ಬಿಸಿಲು ಸೇರಿ ಸಿಮೆಂಟನ್ನು ತಿನ್ನುತ್ತಿದ್ದವು. ಗೆರೆ ವರ್ಷ ವರ್ಷ ಆಳ ಕಳೆದುಕೊಳ್ಳುತ್ತಿತ್ತು. ಅದನ್ನು ನಾನು ಹೇಳಲಿಲ್ಲ, ಅವರು ಕೇಳಲೂ ಇಲ್ಲ. ಕಳೆದ ವರ್ಷ ಅವರ ಕೊನೆಯ ದಿನಗಳಲ್ಲಿ ರಜೆ ಹಾಕಿ ಹೋಗಿದ್ದೆ. ಮಾತು ನಿಂತಿತ್ತು. ನನ್ನ ಅಂಗೈ ಹಿಡಿದು, ಹೆಬ್ಬೆರಳಿನ ಉಗುರಿನಿಂದ ಮೇಲಿನಿಂದ ಕೆಳಕ್ಕೆ ಗೀರಿದರು, ಮತ್ತೆ ಗೀರಿದರು. ನನಗೆ ತಿಳಿಯಿತೆಂದು ತಲೆಯಾಡಿಸಿದೆ, ತಲೆಯಾಡಿಸಿದರೆ ಅವರಿಗೆ ಕಾಣುವುದಿಲ್ಲವೆಂದು ನೆನಪಾಗಿ ಬಾಯಿಬಿಟ್ಟು ಹೇಳಿದೆ. ಅವರನ್ನು ಊರಿನ ಮುರಕಲ್ಲಿನ ಮಣ್ಣಿಗೆ ಕೊಟ್ಟೆವು. ಅವರು ಅಲ್ಲಿ, ಅವಳು ಇಲ್ಲಿ, ನಡುವೆ ಇಡೀ ಸಮುದ್ರ. ಇದಕ್ಕೆ ಸಮಾಧಾನ ಹೇಳುವವರು ನನ್ನ ಹತ್ತಿರ ಬರಬೇಡಿ.

ಮೆಟ್ಟಿಲಲ್ಲಿ ಆ ವಾಸನೆ ಹೊಡೆದ ಮರುದಿನ ಟ್ಯಾಕ್ಸಿ ಹಿಡಿದು ಸಲ್ಮಾಬಾದ್‌ಗೆ ಹೋದೆ. ಪಪ್ಪ ಹೋದ ಮೇಲೆ ಹೋಗಿರಲಿಲ್ಲ. ಹಲಗೆಯ ಮೇಲೆ ಮರಳು ಕುಳಿತಿತ್ತು. ಗುಡಿಸಿದೆ, ಸೆರಗಿನಿಂದ ಒರೆಸಿದೆ, ಹೆಬ್ಬೆರಳು ಇಟ್ಟೆ. ನುಣ್ಣಗಿತ್ತು. ಅಡ್ಡಡ್ಡ ಆಡಿಸಿದೆ, ನಡುವಿನಲ್ಲಿ ಹುಡುಕಿದೆ, ಏನೂ ಇಲ್ಲ. ಫ್ಲ್ಯಾಟಿನ ಬೀಗದ ಕೈಯಿಂದ ಅಂಚಿನ ಮಣ್ಣು ಕೆದಕಿದೆ, ಬೈಯುತ್ತಾ ಕೆದಕಿದೆ, ಯಾರನ್ನು ಬೈದೆನೋ ನನಗೇ ಗೊತ್ತಿಲ್ಲ. ಕೊನೆಗೆ ಹಲಗೆಯ ಮೂಲೆಯಲ್ಲಿ ಒಂದು ಗೆರೆ ಬೆರಳಿಗೆ ತಾಗಿತು, ಕೂದಲೆಳೆಯಷ್ಟು, ಆದರೆ ನೆಟ್ಟಗೆ ನಿಂತದ್ದು. ಕೈ ತಾನಾಗಿಯೇ ಚೀಲದಿಂದ ಫೋನ್ ತೆಗೆಯಿತು. ಮಾಡುವುದು ಯಾರಿಗೆ? ಫೋನನ್ನು ಹಲಗೆಯ ಮೇಲೆ ಇಟ್ಟು, ಬೆರಳನ್ನು ಗೆರೆಯ ಮೇಲೆ ಇಟ್ಟುಕೊಂಡು ಕುಳಿತೆ. ಬಿಸಿಲು ಸುಡುತ್ತಿತ್ತು. ಯಾರೂ ಕೇಳಲಿಲ್ಲ.

"ಉಂಟು ಪಪ್ಪ" ಎಂದೆ.